ಹಿಂದಕ್ಕೆ ಹೋದ ಸದ್ದು ಏನಾಗುತ್ತದೆ? ದುಬಾರಿ ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್ ಕೊಳ್ಳುವ ಮುನ್ನ

ಮೊನ್ನೆ ನಮ್ಮ ಮನೆಯಲ್ಲಿ ಬೇಳೆ ಸೀದುಹೋಯಿತು. "ಮೂರು ವಿಷಲ್ ಆದ್ಮೇಲೆ ಆಫ್ ಮಾಡು" ಅಂತ ಹೇಳಿ ಅಮ್ಮ ದೇವಸ್ಥಾನಕ್ಕೆ ಹೋಗಿದ್ದರು. ನಾನು ಹಾಲ್‌ನಲ್ಲಿ ಕೂತು ಹೆಡ್‌ಫೋನ್‌ನಲ್ಲಿ ಕಛೇರಿ ಕೇಳುತ್ತಿದ್ದೆ. ಕುಕ್ಕರ್ ಎಷ್ಟು ಸಲ ಕೂಗಿತೋ ಗೊತ್ತೇ ಆಗಲಿಲ್ಲ. ತಮಾಷೆ ಏನೆಂದರೆ, ಅದೇ ಹೊತ್ತಿಗೆ ಕೆಳಗೆ ಸಂಪಿನ ಮೋಟಾರ್ ಓಡುತ್ತಿತ್ತು. ಅದರ ಗುಂಯ್ ಸದ್ದು ಮಾತ್ರ ಸಣ್ಣಗೆ ಕೇಳಿಸುತ್ತಲೇ ಇತ್ತು. ಇಡೀ ಬೀದಿಗೆ ಕೇಳುವ ಕುಕ್ಕರ್ ನನಗೆ ಕೇಳಲಿಲ್ಲ, ಎಲ್ಲೋ ಮೂಲೆಯಲ್ಲಿದ್ದ ಮೋಟಾರ್ ಕೇಳಿತು. ಇದು ಹೇಗೆ ಅನ್ನುವುದನ್ನು ಆಮೇಲೆ ನೋಡೋಣ.

ಈಚೆಗೆ ಈ ಹೆಡ್‌ಫೋನ್‌ಗಳ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಕಾರಣವೂ ಇದೆ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕುವ ಹಾಗಿಲ್ಲ. ಇನ್ನೊಂದು ಕಡೆ, ಧ್ವನಿಮುದ್ರಣದ ಒಂದು ಚೂರೂ ಕಳೆಯದ 'ಲಾಸ್‌ಲೆಸ್' ಹಾಡು ಮಾಮೂಲಿ ಚಂದಾದಲ್ಲೇ ಸಿಗುತ್ತಿದೆ. ಆಪಲ್ ಮ್ಯೂಸಿಕ್ 2021ರಲ್ಲೇ ಹೆಚ್ಚಿಗೆ ದುಡ್ಡು ಕೇಳದೆ ಅದನ್ನು ಕೊಡಲು ಶುರುಮಾಡಿತು. ಹಾಡು ಅಷ್ಟು ಚೆನ್ನಾಗಿ ಬರುತ್ತಿರುವಾಗ ಒಂದು ಒಳ್ಳೆ ಹೆಡ್‌ಫೋನ್ ಇರಲಿ ಅನಿಸುವುದು ಸಹಜ. ಅಂಗಡಿಗೆ ಹೋದರೆ ಲಕ್ಷ, ಎರಡು ಲಕ್ಷ ಅಂತಾರೆ. ಜೊತೆಗೆ ಓಮ್, ಡೆಸಿಬಲ್, ಪ್ಲೇನಾರ್ ಅಂತೆಲ್ಲ ಹೇಳುತ್ತಾರೆ. ತಲೆ ತಿರುಗುತ್ತದೆ, ಅಲ್ವಾ?

ಒಂದು ಪ್ರಶ್ನೆ ಹಿಡಿದು ಹೊರಟರೆ ಇದೆಲ್ಲ ಸುಮಾರಾಗಿ ಬಿಡಿಸಿಕೊಳ್ಳುತ್ತದೆ. ಹೆಡ್‌ಫೋನಿನ ಹಿಂದಕ್ಕೆ ಹೋದ ಸದ್ದು ಏನಾಗುತ್ತದೆ?

ಮುಚ್ಚಿದ್ದು, ತೆರೆದದ್ದು

ಹೆಡ್‌ಫೋನಿನ ಒಳಗೆ ಸದ್ದು ಮಾಡುವ ಭಾಗದ ಹೆಸರು ಡ್ರೈವರ್. ಅದರಲ್ಲಿ ತೆಳ್ಳನೆಯ ಒಂದು ಪೊರೆ ಇರುತ್ತದೆ. ಅದು ಸೆಕೆಂಡಿಗೆ ಹತ್ತಾರು ಸಲದಿಂದ ಸಾವಿರಾರು ಸಲದವರೆಗೆ ಹಿಂದೆ ಮುಂದೆ ಅಲ್ಲಾಡುತ್ತದೆ, ಗಾಳಿಯನ್ನು ತಳ್ಳುತ್ತದೆ. ಮುಂದಕ್ಕೆ ತಳ್ಳಿದ್ದು ನಿಮ್ಮ ಕಿವಿಗೆ ಬರುತ್ತದೆ. ಆದರೆ ಬಾಗಿಲು ತೆಗೆದು ಮುಚ್ಚಿದಾಗ ಗಾಳಿ ಎರಡೂ ಕಡೆ ಅಲುಗುವ ಹಾಗೆ, ಪೊರೆಯ ಹಿಂಬದಿಯಲ್ಲೂ ಅಷ್ಟೇ ಸದ್ದು ಹುಟ್ಟುತ್ತದೆ.

ಆ ಸದ್ದನ್ನು ಜಾಲರಿಯ ಮೂಲಕ ಸುಮ್ನೆ ಹೊರಗೆ ಬಿಟ್ಟುಬಿಟ್ಟರೆ ಅದು ಓಪನ್-ಬ್ಯಾಕ್. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ತಂದ ಎಚ್‌ಡಿ 414 ಈ ಬಗೆಯ ಮೊದಲ ಹೆಡ್‌ಫೋನ್. ಕೇಳಲು ಹಗುರ, ಬಿಡುಬೀಸು. ಆದರೆ ಪಕ್ಕದಲ್ಲಿ ಮಲಗಿದವರಿಗೂ ನಿಮ್ಮ ಹಾಡು ಕೇಳುತ್ತದೆ, ಅವರ ಗೊರಕೆ ನಿಮಗೆ ಕೇಳುತ್ತದೆ.

ಹಿಂದೆ ಗಟ್ಟಿ ಮುಚ್ಚಳ ಹಾಕಿದರೆ ಕ್ಲೋಸ್ಡ್-ಬ್ಯಾಕ್. ಸದ್ದು ಒಳಗೇ ಉಳಿಯುತ್ತದೆ. ಮನೆಯಲ್ಲಿ ನಾಲ್ಕು ಜನ ಇದ್ದರೆ, ಫ್ಯಾನ್ ತಿರುಗುತ್ತಿದ್ದರೆ, ಪಕ್ಕದ ರೂಮಿನಲ್ಲಿ ಟಿವಿ ಇದ್ದರೆ ಇದೇ ಸರಿ. ರಾತ್ರಿ ಒಬ್ಬರೇ ಇರುವ, ಸದ್ದಿಲ್ಲದ ಕೋಣೆ ಇದ್ದವರು ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಅದೇ ಬೆಲೆಗೆ ಓಪನ್ ತೆಗೆದುಕೊಂಡರೆ ಸಾಮಾನ್ಯವಾಗಿ ಇನ್ನೂ ಚೆನ್ನಾಗಿ ಕೇಳುತ್ತದೆ. ಅದು ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮುಚ್ಚಳ ಹಾಕಿದರೆ ಆಗುವ ಎಡವಟ್ಟು

ಖಾಲಿ ಬಿಂದಿಗೆಯ ಬಾಯಿಗೆ ಮುಖ ಇಟ್ಟು ಮಾತಾಡಿ ನೋಡಿದ್ದೀರಾ? ನಿಮ್ಮದೇ ದನಿ, ಆದರೆ ಬಿಂದಿಗೆಯೂ ಜೊತೆಗೆ ಮಾತಾಡಿದ ಹಾಗಿರುತ್ತದೆ. ಕೆಲವು ಸ್ವರಗಳು ಮಾತ್ರ ಗುಂಯ್ ಅಂತ ಉಬ್ಬುತ್ತವೆ. ಬಚ್ಚಲುಮನೆಯಲ್ಲಿ ಎಲ್ಲರೂ ಗಾಯಕರಾಗುವುದು ಇದೇ ಕಾರಣಕ್ಕೆ. ಗೋಡೆಗೆ ಬಡಿದ ಸದ್ದು ವಾಪಸ್ ಬಂದು ಹೊಸ ಸದ್ದಿನ ಜೊತೆ ಸೇರುತ್ತದೆ. ಕೆಲವು ಕಡೆ ಎರಡೂ ಸೇರಿ ಜೋರಾಗುತ್ತದೆ, ಕೆಲವು ಕಡೆ ಒಂದನ್ನೊಂದು ತಿಂದುಹಾಕುತ್ತದೆ.

ಹೆಡ್‌ಫೋನಿನ ಕಪ್ ಕೂಡ ಒಂದು ಪುಟ್ಟ ಬಿಂದಿಗೆಯೇ. ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 100 ಹರ್ಟ್ಜ್‌ನ (ಅಂದರೆ ಸೆಕೆಂಡಿಗೆ 100 ಸಲ ಅಲ್ಲಾಡುವ) ತಗ್ಗು ಸದ್ದಿನ ಒಂದು ಅಲೆ ಮೂರೂವರೆ ಮೀಟರ್ ಉದ್ದ. ಅಷ್ಟು ದೊಡ್ಡ ಅಲೆಗೆ ಈ ಕಪ್ ಲೆಕ್ಕಕ್ಕೇ ಇಲ್ಲ. ಆದರೆ ಎದುರುಬದುರು ಗೋಡೆಗಳ ನಡುವೆ 4 ಸೆಂಟಿಮೀಟರ್ ಜಾಗ ಇದೆ ಅಂದುಕೊಳ್ಳಿ. ಸುಮಾರು 4,300 ಹರ್ಟ್ಜ್‌ನ ಸದ್ದಿನ ಅರ್ಧ ಅಲೆ ಅಲ್ಲಿ ಸರಿಯಾಗಿ ಕೂರುತ್ತದೆ, ಅಲ್ಲೇ ಅನುರಣಿಸುತ್ತದೆ. ನಮ್ಮ ಕಿವಿ ತುಂಬಾ ಚುರುಕಾಗಿರುವ ಜಾಗವೂ ಹೆಚ್ಚುಕಡಿಮೆ ಅದೇ. ಹಾಡುವವರ 'ಸ', 'ಶ', ಪಿಟೀಲಿನ ಕಮಾನಿನ ಹೊರಳು ಚುಚ್ಚಿದಂತೆ ಕೇಳುವುದಕ್ಕೆ ಇಂಥ ಉಬ್ಬು ಒಂದು ಕಾರಣ.

ಇನ್ನೊಂದು ತೊಂದರೆ ಗಾಳಿಯದ್ದು. ಸೈಕಲ್ ಪಂಪಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಒತ್ತಿದರೆ ಒಳಗಿನ ಗಾಳಿ ಸ್ಪ್ರಿಂಗಿನಂತೆ ಕೈಯನ್ನು ವಾಪಸ್ ತಳ್ಳುತ್ತದಲ್ಲ? ಮುಚ್ಚಿದ ಕಪ್ಪಿನಲ್ಲಿ ಸಿಕ್ಕಿಕೊಂಡ ಗಾಳಿ ಪೊರೆಯ ಜೊತೆ ಹಾಗೇ ಜಗ್ಗಾಡುತ್ತದೆ. ಅದಕ್ಕೆಂದೇ 'ಕ್ಲೋಸ್ಡ್' ಅನ್ನುವ ಎಷ್ಟೋ ಹೆಡ್‌ಫೋನ್‌ಗಳಲ್ಲಿ ಕಣ್ಣಿಗೆ ಬೀಳದ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ.

ಅಂದರೆ ದುಬಾರಿ ಕ್ಲೋಸ್ಡ್-ಬ್ಯಾಕ್‌ಗೆ ನಾವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಚೆಂದದ ಸದ್ದು ಹುಟ್ಟಿಸುವುದಕ್ಕಲ್ಲ. ಬೇಡದ ಸದ್ದನ್ನು ಸಾಯಿಸುವುದಕ್ಕೆ.

ಒಬ್ಬೊಬ್ಬ ತಯಾರಕರದ್ದು ಒಂದೊಂದು ಉಪಾಯ. 2018ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 820ರ ಹಿಂಬದಿಯಲ್ಲಿ ಮರವಿಲ್ಲ, ಲೋಹವಿಲ್ಲ, ಒಳಬಾಗಿದ ಗಾಜಿದೆ. ಹಿಂದಕ್ಕೆ ಹೋದ ಸದ್ದು ಗಾಜಿಗೆ ಬಡಿದು ಡ್ರೈವರಿಗೇ ವಾಪಸ್ ಬರದೆ, ಪಕ್ಕದಲ್ಲಿರುವ ಹೀರುಗೂಡುಗಳ ಕಡೆ ತಿರುಗುತ್ತದೆ. ಸೋನಿಯ ಎಂಡಿಆರ್-ಜ಼ಡ್1ಆರ್ (2016) ಮುಚ್ಚಳದಲ್ಲಿ ಮರದ ನಾರಿನಿಂದ ಕಾಗದದ ಹಾಗೆ ಮಾಡಿದ ಹಾಳೆಯಿದೆ. ಸದ್ದು ಅದಕ್ಕೆ ಬಡಿದು ಅನುರಣಿಸುವ ಬದಲು ಮೆಲ್ಲಗೆ ಇಂಗುತ್ತದೆ. ಡೆನಾನ್ ಎಎಚ್-ಡಿ9200 ಕಪ್ಪಿಗೆ ಜಪಾನಿನ ಕೋಚಿ ಪ್ರಾಂತದ ಬಿದಿರು ಬಳಸಿದ್ದಾರೆ. ಬರೀ ಅಂದಕ್ಕೆ ಅಂದುಕೊಳ್ಳಬೇಡಿ, ಮರ ಬಿದಿರುಗಳು ತೆಳು ಪ್ಲಾಸ್ಟಿಕ್ಕಿನ ಹಾಗೆ ಸುಲಭಕ್ಕೆ ಝೇಂಕರಿಸುವುದಿಲ್ಲ. ನೋಡೋಕೂ ಚೆನ್ನಾಗಿದೆ, ಅದು ಬೇರೆ ಮಾತು.

ಅಮೆರಿಕದ ಡಾನ್ ಕ್ಲಾರ್ಕ್ ಆಡಿಯೊ 2021ರಲ್ಲಿ ಸ್ಟೆಲ್ತ್ ಅನ್ನುವುದನ್ನು ತಂದಿತು. ಆಗಿನ ಬೆಲೆ 3,999 ಡಾಲರ್. ಅದರಲ್ಲಿ ಡ್ರೈವರಿಗೂ ಕಿವಿಗೂ ನಡುವೆ ಜೇನುಗೂಡಿನಂಥ ಒಂದು ತಟ್ಟೆ ಇದೆ. ಅದರ ಒಂದೊಂದು ಗೂಡನ್ನೂ ಬೇಡದ ಸ್ವರಗಳನ್ನು ನುಂಗುವುದಕ್ಕೆಂದೇ ಅಳತೆ ಮಾಡಿ ಮಾಡಿದ್ದಾರೆ. ಇದಕ್ಕೆ ಮೆಟಾಮೆಟೀರಿಯಲ್ ಅಂತ ಹೆಸರು. ಹೆಸರು ದೊಡ್ಡದು, ತತ್ವ ಹಳೆಯದು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಹಾಗೇ ಪ್ರತಿ ಗೂಡೂ ತನ್ನ ಅಳತೆಗೆ ಹೊಂದುವ ಸ್ವರಕ್ಕೆ ಮಾತ್ರ ಸ್ಪಂದಿಸುತ್ತದೆ.

ಓಪನ್-ಬ್ಯಾಕ್ ಮಾಡುವವರಿಗೆ ಈ ಉಸಾಬರಿಯಲ್ಲಿ ಮುಕ್ಕಾಲು ಪಾಲು ಇಲ್ಲ. ಅದಕ್ಕೇ ಅದೇ ಬೆಲೆಗೆ ಅದು ಚೆನ್ನಾಗಿ ಕೇಳುವುದು.

ಕುಕ್ಕರ್ ಕೇಳಲಿಲ್ಲ, ಮೋಟಾರ್ ಕೇಳಿತು

ಈಗ ಬೇಳೆಯ ವಿಷಯ. ವಿಷಲ್ ಕೀರಲು ಸದ್ದು, ಅದರ ಅಲೆಗಳು ಚಿಕ್ಕವು. ಕಪ್ಪಿನ ಗೋಡೆ, ಪ್ಯಾಡಿನ ಸ್ಪಂಜು ಅವನ್ನು ಸುಲಭವಾಗಿ ತಡೆಯುತ್ತವೆ. ಮೋಟಾರಿನ ಗುಂಯ್ ತಗ್ಗು ಸದ್ದು. ಅದು ಇಡೀ ಕಪ್ಪನ್ನೇ ಒಂಚೂರು ಅಲ್ಲಾಡಿಸಿ ಒಳಗೆ ನುಗ್ಗುತ್ತದೆ. ಪಕ್ಕದ ಬೀದಿಯಲ್ಲಿ ಮೆರವಣಿಗೆ ಹೋಗುವಾಗ ಕಿಟಕಿ ಮುಚ್ಚಿದರೆ ಹಾಡಿನ ಮಾತು ಕೇಳುವುದಿಲ್ಲ, ಡೊಳ್ಳು ಮಾತ್ರ ಕೇಳುತ್ತದೆ. ಇದೂ ಹಾಗೇ.

ತಗ್ಗು ಸದ್ದನ್ನು ತಡೆಯಬೇಕಾದರೆ ನಾಯ್ಸ್ ಕ್ಯಾನ್ಸಲಿಂಗ್ ಬೇಕು. ಮೈಕ್ ಹೊರಗಿನ ಗುಂಯ್ ಅನ್ನು ಕೇಳಿಸಿಕೊಳ್ಳುತ್ತದೆ, ಡ್ರೈವರ್ ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟಿಸುತ್ತದೆ, ಎರಡೂ ಸೇರಿ ಹೆಚ್ಚುಕಡಿಮೆ ಸೊನ್ನೆ. ವಿಮಾನ, ಬಸ್ಸು, ಜನರೇಟರ್ ನಿಮ್ಮ ಸಮಸ್ಯೆಯಾದರೆ ಅಂಥ ಬ್ಲೂಟೂತ್ ಹೆಡ್‌ಫೋನ್ ಮೂವತ್ತು ಸಾವಿರದೊಳಗೆ ಸಿಗುತ್ತದೆ. ಲಕ್ಷದ ವೈರಿನ ಹೆಡ್‌ಫೋನ್ ಆ ಕೆಲಸ ಮಾಡುವುದಿಲ್ಲ.

ಇನ್ನೊಂದು ಮಾತು. ಬೆಲೆ ಜಾಸ್ತಿಯಾದಷ್ಟೂ ಹೊರಗಿನ ಸದ್ದು ಜಾಸ್ತಿ ತಡೆಯುತ್ತದೆ ಅನ್ನುವುದು ತಪ್ಪು. ಆಗಲೇ ಹೇಳಿದ ಸೋನಿಯ ಕಾಗದದ ಮುಚ್ಚಳ ಒಳಗಿನ ಸದ್ದನ್ನು ಇಂಗಿಸುತ್ತದೆ ನಿಜ, ಆದರೆ ಸ್ವಲ್ಪ ಹೊರಕ್ಕೂ ಬಿಡುತ್ತದೆ. ಹತ್ತು ಹದಿನೈದು ಸಾವಿರದ ಸ್ಟುಡಿಯೊ ಹೆಡ್‌ಫೋನ್ ಒಮ್ಮೊಮ್ಮೆ ಇದಕ್ಕಿಂತ ಚೆನ್ನಾಗಿ ಸದ್ದು ತಡೆಯುತ್ತದೆ. ರೆಕಾರ್ಡಿಂಗ್ ಮಾಡುವಾಗ ಹೆಡ್‌ಫೋನಿನ ಸದ್ದು ಮೈಕಿಗೆ ಹೋಗಬಾರದಲ್ಲ, ಅದನ್ನು ಮಾಡಿರುವುದೇ ಆ ಕೆಲಸಕ್ಕೆ.

ಸದ್ದು ತಡೆಯುವುದರಿಂದ ಕಿವಿಗೂ ಲಾಭವಿದೆ. ಹೊರಗಿನ ಗಲಾಟೆಯನ್ನು ಮೀರಿಸಲು ವಾಲ್ಯೂಮ್ ಏರಿಸಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ 80 ಡೆಸಿಬಲ್ (ಸದ್ದು ಎಷ್ಟು ಜೋರು ಅನ್ನುವ ಅಳತೆ), ವಾರಕ್ಕೆ 40 ಗಂಟೆ. ಅಲ್ಲಿಂದ ಮೂರು ಡೆಸಿಬಲ್ ಏರಿಸಿದರೆ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ.

ಕನ್ನಡಕ ಹಾಕುವವರು ಇದನ್ನು ಓದಲೇಬೇಕು

ಮೊದಲ ಸಲ ಒಂದು ಲಕ್ಷದ ಹೆಡ್‌ಫೋನನ್ನು ಅಂಗಡಿಯಲ್ಲಿ ಹಾಕಿಕೊಂಡಾಗ ನನಗೆ ಭಾರಿ ನಿರಾಸೆಯಾಯಿತು. ಮೃದಂಗದ ಎಡಬದಿಯ 'ತೋಂ' ಬರಬೇಕಾದ ಕಡೆ ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ ಕೇಳಿತು. ಇದಕ್ಕಾ ಇಷ್ಟು ದುಡ್ಡು ಅನಿಸಿತು. ಅಂಗಡಿಯ ಹುಡುಗ ನಕ್ಕು, "ಸರ್, ಕನ್ನಡಕ ತೆಗೆದು ನೋಡಿ" ಅಂದ. ತೆಗೆದೆ. 'ತೋಂ' ಎದೆಗೆ ಬಂದು ತಟ್ಟಿತು. ಹಾಡು ಅದೇ, ಹೆಡ್‌ಫೋನ್ ಅದೇ. ಕನ್ನಡಕದ ಕಡ್ಡಿ ಪ್ಯಾಡನ್ನು ಒಂದೆರಡು ಮಿಲಿಮೀಟರ್ ಎತ್ತಿತ್ತು, ಅಷ್ಟೇ.

ಸೈಕಲ್ ಪಂಪಿಗೇ ವಾಪಸ್ ಹೋಗೋಣ. ವಾಷರ್ ಸವೆದ ಪಂಪನ್ನು ನಿಧಾನಕ್ಕೆ ಒತ್ತಿದರೆ ಗಾಳಿ ಸಂದಿಯಲ್ಲಿ ಜಾರಿಕೊಳ್ಳುತ್ತದೆ, ಒತ್ತಡ ಕಟ್ಟುವುದೇ ಇಲ್ಲ. ರಪ್ಪಂತ ಒತ್ತಿದರೆ ಸಂದಿಯಲ್ಲಿ ಹೋಗಲು ಗಾಳಿಗೆ ಪುರುಸೊತ್ತಿಲ್ಲ, ಸ್ವಲ್ಪವಾದರೂ ಟ್ಯೂಬಿಗೆ ಹೋಗುತ್ತದೆ. ಬೇಸ್ ಅಂದರೆ ತಗ್ಗು ಸದ್ದು, ಅದು ನಿಧಾನದ ಒತ್ತು. ಟ್ರೆಬಲ್ ಅಂದರೆ ಕೀರಲು ಸದ್ದು, ಅದು ರಪ್ಪನೆಯ ಒತ್ತು. ಪ್ಯಾಡಿಗೂ ಕೆನ್ನೆಗೂ ನಡುವೆ ಸಂದಿ ಬಿದ್ದರೆ ಬೇಸ್ ಸೋರಿಹೋಗುತ್ತದೆ, ಟ್ರೆಬಲ್ ಹಾಗೇ ಉಳಿಯುತ್ತದೆ. ಓಪನ್‌ನಲ್ಲೂ ಹೀಗಾಗುತ್ತದೆ, ಕ್ಲೋಸ್ಡ್‌ನಲ್ಲಿ ಇದರ ಪೆಟ್ಟು ಸಾಮಾನ್ಯವಾಗಿ ಜಾಸ್ತಿ. ದಪ್ಪ ಕೂದಲು, ದೊಡ್ಡ ಓಲೆ, ಒಳಸರಿದ ದವಡೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಹಾಗಾಗಿ ಯಾರೋ ಬರೆದ ವಿಮರ್ಶೆಯಲ್ಲಿ "ಬೇಸ್ ಕಡಿಮೆ" ಅಂತ ಇದ್ದರೆ ಅದು ಅವರ ತಲೆಯ ವಿಷಯವೂ ಆಗಿರಬಹುದು. ಪರೀಕ್ಷೆ ಸುಲಭ. ಹಾಡು ನುಡಿಯುತ್ತಿರುವಾಗ ಎರಡೂ ಕಪ್ಪನ್ನು ಕೈಯಿಂದ ಮೆಲ್ಲಗೆ ತಲೆಗೆ ಒತ್ತಿ. ಬೇಸ್ ಥಟ್ಟನೆ ಏರಿದರೆ ನಿಮಗೆ ಸೀಲ್ ಆಗುತ್ತಿಲ್ಲ ಅಂತ ಅರ್ಥ. ಆ ಮಾಡೆಲ್ ಬಿಡಿ, ಇಲ್ಲವೇ ತೆಳು ಕಡ್ಡಿಯ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ.

ಡ್ರೈವರ್, ಓಮ್, ಆಂಪ್

ಡ್ರೈವರ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಡೈನಮಿಕ್‌ನಲ್ಲಿ ಪೊರೆಗೆ ತಂತಿ ಸುರುಳಿ ಅಂಟಿಸಿರುತ್ತಾರೆ, ಸ್ಪೀಕರಿನ ಹಾಗೆ. ಫ್ರಾನ್ಸಿನ ಫೋಕಲ್ ಸ್ಟೆಲಿಯಾದಲ್ಲಿ ಈ ಪೊರೆ ಬೆರಿಲಿಯಂ ಅನ್ನುವ ಹಗುರ, ಗಡಸು ಲೋಹದ್ದು. ಪ್ಲೇನಾರ್‌ನಲ್ಲಿ ತಂತಿಯ ಗೆರೆಗಳು ಪೊರೆಯ ಮೇಲೆಲ್ಲ ಹರಡಿರುತ್ತವೆ, ಇಡೀ ಪೊರೆ ಒಟ್ಟಿಗೆ ಅಲ್ಲಾಡುತ್ತದೆ. ಡಾನ್ ಕ್ಲಾರ್ಕ್, ಆಡೆಜಿ ಕಂಪನಿಗಳ ಹೆಡ್‌ಫೋನ್ ಈ ಬಗೆಯವು. ಯಾವುದು ಮೇಲು ಅನ್ನುವ ಜಗಳಕ್ಕೆ ಕೊನೆಯಿಲ್ಲ. ಕೊಳ್ಳುವವರು ಅದರಲ್ಲಿ ತಲೆ ಹಾಕಬೇಕಿಲ್ಲ. ಎರಡರಲ್ಲೂ ಒಳ್ಳೆಯದಿದೆ, ಕೆಟ್ಟದ್ದೂ ಇದೆ.

ಆಂಪ್ಲಿಫೈಯರ್ ಬೇಕಾ ಅನ್ನುವುದು ಮಾತ್ರ ಜೇಬಿನ ಪ್ರಶ್ನೆ. ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ. ಓಮ್ ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ. ಓಮ್ ಜಾಸ್ತಿ ಇದ್ದರೆ ವೋಲ್ಟೇಜ್ ಜಾಸ್ತಿ ಬೇಕು. ಎಚ್‌ಡಿ 820ರದ್ದು 300 ಓಮ್, ಸ್ಟೆಲಿಯಾ 35, ಡೆನಾನ್ 24. ಆದರೆ ಓಮ್ ಒಂದನ್ನೇ ನೋಡಿದರೆ ಮೋಸಹೋಗುತ್ತೀರಿ. ಒಂದು ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಅನ್ನುವ ಸೆನ್ಸಿಟಿವಿಟಿ ಇನ್ನೂ ಮುಖ್ಯ. ಸ್ಟೆಲಿಯಾದ್ದು 106. ಇನ್ನೊಂದು ಹೆಡ್‌ಫೋನಿನದು 86 ಇದ್ದರೆ ವ್ಯತ್ಯಾಸ ಬರೀ 20 ಅಲ್ವಾ ಅನಿಸಬಹುದು. ಆದರೆ ಪ್ರತಿ 10 ಡೆಸಿಬಲ್ಲಿಗೆ ವಿದ್ಯುತ್ ಹತ್ತು ಪಟ್ಟು ಬೇಕು. ಅಂದರೆ ಅಷ್ಟೇ ಸದ್ದಿಗೆ ನೂರು ಪಟ್ಟು! ಮೊದಲನೆಯದನ್ನು ಫೋನಿನ ಟೈಪ್-ಸಿ ತೂತಿಗೆ ಸಿಕ್ಕಿಸುವ ಪುಟ್ಟ ಡಾಂಗಲ್ಲೇ ಆರಾಮಾಗಿ ನುಡಿಸುತ್ತದೆ. ಎರಡನೆಯದಕ್ಕೆ ಟೇಬಲ್ ಮೇಲೆ ಒಂದು ಆಂಪ್ ಬರುತ್ತದೆ, ಅದರ ದುಡ್ಡನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ. ದುಬಾರಿ ಕೇಬಲ್ಲಿಗೆ ನಾನಂತೂ ಒಂದು ರೂಪಾಯಿ ಕೊಡುವುದಿಲ್ಲ.

ದುಡ್ಡು ಜಾಸ್ತಿ ಕೊಟ್ಟರೆ ಸದ್ದು ಚೆಂದವಾ?

ಯೆರೂನ್ ಬ್ರೀಬಾರ್ಟ್ ಅನ್ನುವ ಸಂಶೋಧಕ 283 ಹೆಡ್‌ಫೋನ್‌ಗಳ ಅಳತೆ ನೋಡಿ 2017ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಯಾವ ಸ್ವರವನ್ನು ಎಷ್ಟು ಜೋರಾಗಿ ನುಡಿಸುತ್ತದೆ ಅನ್ನುವುದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ ಅಂತ ಅದರಲ್ಲಿದೆ. ಈ 'ಯಾವ ಸ್ವರ ಎಷ್ಟು ಜೋರು' ಅನ್ನುವುದನ್ನು ಫ್ರೀಕ್ವೆನ್ಸಿ ರೆಸ್ಪಾನ್ಸ್ ಅಂತಾರೆ. ಹೆಡ್‌ಫೋನಿನ ದನಿ ಹೇಗಿದೆ ಅನ್ನುವುದನ್ನು ಮಿಕ್ಕೆಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಇದೇ.

ಹಾಗಾದರೆ ಯಾವ ಅಳತೆ ಚೆಂದ? ಅಮೆರಿಕದ ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಜೊತೆಗಾರರು ವರ್ಷಗಟ್ಟಲೆ ಜನರಿಗೆ ಕೇಳಿಸಿ ಒಂದು ಗೆರೆ ಎಳೆದರು. ಅದೇ ಹಾರ್ಮನ್ ಕರ್ವ್. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದಂತಿರುವ ದನಿಯೇ ಹೆಚ್ಚು ಜನಕ್ಕೆ ಹಿಡಿಸುತ್ತದೆ ಅನ್ನುವುದು ಅದರ ಸಾರ. ಅದು ಶಾಸನವೇನಲ್ಲ. ಬೇಸ್ ಒಂಚೂರು ಜಾಸ್ತಿ ಬೇಕು, ಕಡಿಮೆ ಬೇಕು ಅನ್ನುವವರು ಇದ್ದೇ ಇರುತ್ತಾರೆ. ವಿಮರ್ಶೆಗಳಲ್ಲಿ ಕಾಣುವ ಗ್ರಾಫನ್ನು ಆ ಗೆರೆಯ ಪಕ್ಕ ಇಟ್ಟು ನೋಡಿದರೆ, ಕೇಳುವ ಮೊದಲೇ ಒಂದು ಅಂದಾಜು ಸಿಗುತ್ತದೆ. ಸಣ್ಣಪುಟ್ಟ ಉಬ್ಬುತಗ್ಗನ್ನು, ಬೇರೆಬೇರೆ ಸ್ವರಗಳ ಜೋರನ್ನು ಏರಿಳಿಸುವ ಈಕ್ವಲೈಜರ್‌ನಲ್ಲಿ ಸರಿಮಾಡಿಕೊಳ್ಳಬಹುದು. ವಿಂಡೋಸ್ ಕಂಪ್ಯೂಟರಿಗೆ ಈಕ್ವಲೈಜರ್ ಎಪಿಒ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಕಪ್ಪಿನ ಒಳಗಿನ ಅನುರಣನ ಮಾತ್ರ ಈಕ್ವಲೈಜರ್‌ಗೆ ಪೂರ್ತಿ ಬಗ್ಗುವುದಿಲ್ಲ.

ದುಬಾರಿಯದ್ದರಲ್ಲಿ ಸಿಗುವುದು ಬೇರೆ. ಕಟ್ಟಿದ ರೀತಿ, ಮೆತ್ತಗಿನ ಪ್ಯಾಡ್, ಅನುರಣನದ ಹತೋಟಿ, ಹತ್ತು ವರ್ಷ ಬಾಳುವ ಕೀಲುಗಳು.

ಅಂಗಡಿಯಲ್ಲಿ ಅರ್ಧ ಗಂಟೆ

ಮೊದಲು ಹಾಡು ಬೇಡ, ಮಾತು ಕೇಳಿ. ಗಂಡಸಿನ ದನಿಯ ಒಂದು ವಾರ್ತೆಯೋ ಸಂದರ್ಶನವೋ ಸಾಕು. ಮನುಷ್ಯರ ಮಾತು ಹೇಗಿರುತ್ತದೆ ಅನ್ನುವುದು ನಮಗೆ ಹುಟ್ಟಿದಾಗಿನಿಂದ ಗೊತ್ತು. ದನಿ ಬಿಂದಿಗೆಯೊಳಗಿಂದ ಬಂದ ಹಾಗಿದ್ದರೆ ಹಿಂದಕ್ಕೆ ಹೋದ ಸದ್ದು ಅಲ್ಲೇ ಸುತ್ತುತ್ತಿದೆ. ಆಮೇಲೆ ಬರೀ ತಂಬೂರಿ ಕೇಳಿ. ಶ್ರುತಿ ಸಮವಾಗಿ ಹರಿಯಬೇಕು. ಒಂದು ತಂತಿ ಮಾತ್ರ ಎದ್ದು ಕುಣಿಯುತ್ತಿದ್ದರೆ ಅಲ್ಲೊಂದು ಉಬ್ಬು ಇರುವ ಸಾಧ್ಯತೆ ಇದೆ. ಅದಾದ ಮೇಲೆ ನಿಮಗೆ ಬಾಯಿಪಾಠವಾಗಿರುವ ಹಾಡು, ಅಂಗಡಿಯವರ ಡೆಮೊ ಹಾಡಲ್ಲ. ಅವರ ಹಾಡು ಯಾವುದರಲ್ಲಿ ಹಾಕಿದರೂ ಚೆನ್ನಾಗೇ ಕೇಳುತ್ತದೆ.

ಎರಡನ್ನು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಒಂಚೂರು ಜೋರಾಗಿ ನುಡಿಯುವುದೇ ಒಳ್ಳೆಯದು ಅಂತ ಕಿವಿ ನಂಬಿಬಿಡುತ್ತದೆ. ಇದರಲ್ಲಿ ನಾನೂ ಎರಡು ಸಲ ಏಮಾರಿದ್ದೇನೆ.

ತೂಕ, ಬೆವರು, ಪ್ಯಾಡು

ಸೆನ್‌ಹೈಸರ್ ಎಚ್‌ಡಿ 820ರ ತೂಕ 360 ಗ್ರಾಂ, ಸ್ಟೆಲ್ತ್ 415, ಸ್ಟೆಲಿಯಾ 435. ಆಡೆಜಿಯ ಎಲ್‌ಸಿಡಿ-ಎಕ್ಸ್‌ಸಿ 600 ಗ್ರಾಂ ದಾಟುತ್ತದೆ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಹೆಚ್ಚುಕಡಿಮೆ 500 ಗ್ರಾಂ. ಅದನ್ನು ತಲೆ ಮೇಲೆ ಇಟ್ಟುಕೊಂಡು ಒಂದು ಸಿನಿಮಾ ನೋಡಬಹುದಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಆದರೂ ಬರೀ ಗ್ರಾಂ ನೋಡಬೇಡಿ. ಪಟ್ಟಿ ಅಗಲವಾಗಿ ಭಾರ ಹಂಚಿದರೆ 435 ಗ್ರಾಂ ಗೊತ್ತೇ ಆಗುವುದಿಲ್ಲ, ಒಂದೇ ಕಡೆ ಒತ್ತಿದರೆ 350 ಗ್ರಾಂ ಕೂಡ ನೆತ್ತಿ ನೋಯಿಸುತ್ತದೆ. ಅಂಗಡಿಯಲ್ಲಿ ಇಪ್ಪತ್ತು ನಿಮಿಷವಾದರೂ ತೆಗೆಯದೆ ಹಾಕಿಕೊಂಡಿರಿ.

ಕ್ಲೋಸ್ಡ್ ಅಂದಮೇಲೆ ಸೆಕೆ ತಪ್ಪಿದ್ದಲ್ಲ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಕೂತು ಕೇಳುವವರಿಗೆ ಅರ್ಧ ಗಂಟೆಯಲ್ಲಿ ಕಿವಿ ಬೆವರುತ್ತದೆ. ಕೃತಕ ಚರ್ಮದ ಪ್ಯಾಡ್ ಚೆನ್ನಾಗಿ ಸೀಲ್ ಆಗುತ್ತದೆ, ಆದರೆ ಬೆವರು, ತೇವಕ್ಕೆ ಬೇಗ ಸುಲಿಯುತ್ತದೆ. ನನ್ನ ಹಳೆಯ ಹೆಡ್‌ಫೋನಿನದು ಎರಡು ಮಳೆಗಾಲಕ್ಕೇ ಹೋಯಿತು. ಕಿವಿ ಸುತ್ತ ಕರಿ ಚೂರು ಅಂಟಿಕೊಂಡು ಆಫೀಸಿನ ವಿಡಿಯೊ ಮೀಟಿಂಗಿನಲ್ಲಿ ಕೂತಿದ್ದೆ. ಸುಲಿದ ಪ್ಯಾಡ್ ಸೀಲ್ ಆಗುವುದಿಲ್ಲ, ಬೇಸ್ ಮತ್ತೆ ಸೋರಲು ಶುರು. ಕಂಪನಿಯದ್ದು ಸಿಗಲಿಲ್ಲ ಅಂತ ಯಾವುದೋ ಅಗ್ಗದ ಪ್ಯಾಡ್ ತಂದು ಹಾಕಿದೆ. ದಪ್ಪ ಬೇರೆ, ತೂತಿನ ಅಗಲ ಬೇರೆ, ದನಿಯೇ ಬದಲಾಗಿಹೋಯಿತು. ಅದಕ್ಕೇ ಈಗ ಬಿಲ್ ಮಾಡಿಸುವ ಮೊದಲು ಅಂಗಡಿಯವರನ್ನು ಎರಡೇ ಪ್ರಶ್ನೆ ಕೇಳುತ್ತೇನೆ. ವಾರಂಟಿ ಭಾರತದ್ದಾ, ಹೊರದೇಶದ್ದಾ? ಇದರ ಪ್ಯಾಡ್ ಜೋಡಿಗೆ ಎಷ್ಟು, ತರಿಸಿದರೆ ಎಷ್ಟು ದಿನಕ್ಕೆ ಬರುತ್ತದೆ? ಎರಡನೆಯದಕ್ಕೆ ಅವರು ಕಂಪ್ಯೂಟರ್ ನೋಡದೆ ಉತ್ತರ ಕೊಟ್ಟರೆ, ಆ ಅಂಗಡಿಯಲ್ಲಿ ಕೊಳ್ಳಬಹುದು.